ತಲಿದಿಂಬಿನ ಕೆಳಗಿನ ಕುಡಗೋಲು

ರೀ,

ಗೋಕಾಕದ ಬಸ್ಸಿನ ಹೊತ್ತಾತು, ದವಾಖಾನಿ ನೈಟ್ ಡ್ಯೂಟಿಗೆ ಹೊಂಟೇನಿ. ಇದನ್ನ ಪೂರಾ ಓದ್ರಿ.

ನಿಮ್ಮ ಕೈಗೆ ಕಟ್ಟಿದ ಪಟ್ಟಿ ತೊಯ್ಸಬ್ಯಾಡ್ರಿ, ಐದು ಹೊಲಿಗಿ ಅದಾವು. ಊಟ ಆದಮ್ಯಾಲೆ ಬಿಳಿ ಗುಳಿಗಿ ತಗೋರಿ. ಅದು ನಾ ಮಾಡಿದ ಗಾಯ, ಖರೆ. ಆದ್ರ ದೆವ್ವ ಹತ್ರ ಬರಬಾರದಂತ ನನ್ನ ತಲಿದಿಂಬಿನ ಕೆಳಗ ಕುಡಗೋಲು ಇಟ್ಟವ್ರು ನೀವ. ನಿನ್ನೆ ಸೆಟದ ಮೈ ಸಡ್ಲಾದಕೂಡ್ಲೆ ಕೈಗೆ ಸಿಕ್ಕಿದ್ದು ಅದ, ಬೀಸಿದ್ನಿ. ಈಗ ಅದನ್ನ ಹಿತ್ತಲದಾಗ ಮೇವಿನ ಬಾಜೂ ಇಟ್ಟೇನಿ. ಅಲ್ಲೇ ಇರ್ಲಿ.

ಅತ್ತಿ ಚಪ್ಪಲಿನೂ ಹೊರಗ ಇಟ್ಟೇನಿ. ದೆವ್ವ ಬಿಡಸ್ತೇನಿ ಅಂತ ನಿನ್ನೆ ಮಧ್ಯಾಹ್ನ ಅದರಲೆ ಹನ್ನೊಂದು ಏಟು ಹೊಡದ್ರು. ಒಂದೊಂದೂ ಎಣಿಸೇನಿ. ಕಣ್ಣು ತೆರದಿದ್ವು, ಎಚ್ಚರ ಇತ್ತು, ಮೈ ಮಾತ್ರ ಏಳಲಿಲ್ಲ, ಬಾಯಿ ಬರಲಿಲ್ಲ. ರಾತ್ರಿ ಪಾಳಿ ಮಾಡಿ ಹಗಲು ಮಲಗವ್ರಿಗೆ ಹಿಂಗ ಆಗ್ತೈತಿ ಅಂತ ನಮ್ಮ ಡಾಕ್ಟರೂ ಹೇಳ್ಯಾರ.

ನಾಳೆ ಬಂದು ಮಗ್ಗಲಾಗಿ ಮಲಗ್ತೇನಿ. ಮತ್ತ ಹಂಗ ಕಣ್ಣು ತೆರದು ಬಿದ್ದಿದ್ರ ಹೆಸರು ಹಿಡದು ಕರೀರಿ, ಕಾಲಿನ ಹೆಬ್ಬೆರಳು ಅಲಗಾಡಿಸ್ರಿ. ಅಷ್ಟ ಸಾಕು.

ಡಬ್ಬ್ಯಾಗ ಝುಣಕಾ ಐತಿ. ಅತ್ತಿಗೂ ಕೊಡ್ರಿ, ನಿನ್ನೆಯಿಂದ ಅವರೂ ಉಂಡಿಲ್ಲ.

ಮತ್ತೊಂದು ಮಾತು. ಚಪ್ಪಲಿ ಬೀಳೂ ಮುಂದ ನನ್ನ ಎರಡೂ ಕಾಲು ಒತ್ತಿ ಹಿಡಕೊಂಡು, “ಅವ್ವಾ, ಇನ್ನೆರಡು ಕೊಡು, ಇನ್ನೂ ಹೋಗಿಲ್ಲ” ಅಂದ್ರಿ. ನನಗ ಕೇಳಸ್ತಿತ್ತು.

ಒಳಗ ಬ್ಯಾರೆ ಯಾರೂ ಇರಲಿಲ್ರಿ. ನಾನ ಇದ್ನಿ.

ಕಾಜಲ್