ಆರು ಹಾಳೆಯಲ್ಲಿ ಒಂದೇ ಹೆಸರು

ಯಳಂದೂರು, ೧೪ ಜುಲೈ ೨೦೨೫, ಸೋಮವಾರ

ಆ ಆರು ಹಾಳೆಗಳು ಇನ್ನೂ ಮೇಜಿನ ಮೇಲೇ ಇವೆ. ಮಕ್ಕಳ ಮನೆಯ ಹಿನ್ನೆಲೆ ತಿಳಿಯಲೆಂದು ಶಾಲೆಯಲ್ಲಿ ಎಲ್ಲರಿಂದಲೂ ತುಂಬಿಸಿದ ಹಾಳೆಗಳು. 'ಮನೆಯಲ್ಲಿ ನಿನಗೆ ಪಾಠ ಹೇಳಿಕೊಡುವವರು ಯಾರು?' ಎಂಬುದಕ್ಕೆ ನನ್ನ ಐದನೇ ತರಗತಿಯಲ್ಲಿ ಸೋಲಿಗರ ಪೋಡಿನಿಂದ, ಅಂದರೆ ಅವರ ಹಾಡಿಯಿಂದ, ಬರುವ ಆರು ಮಕ್ಕಳೂ ಬರೆದದ್ದು ಒಂದೇ ಹೆಸರು: ಕೇತಮ್ಮ. ಆರು ಮನೆಯಲ್ಲೂ ಒಬ್ಬಳೇ ಕೇತಮ್ಮ ಹೇಗಿರುತ್ತಾಳೆ? ನಕಲೇ ಸರಿ ಎಂದು ಆರೂ ಜನರನ್ನು ಎಬ್ಬಿಸಿ ನಿಲ್ಲಿಸಿ ಗದರಿದೆ.

ರಂಗಿ ಮಾತ್ರ ಬಾಯಿಬಿಟ್ಟಳು. "ಕಾಪಿ ಒಡ್ದಿಲ್ಲ ಸಾ. ಕೇತಕ್ಕ ಏಳ್ನೇ ಕ್ಲಾಸು. ಸಂಜೆ ನಮ್ಮುನ್ನೆಲ್ಲ ಜಗಲಿ ಮೇಲೆ ಕೂರುಸ್ಕಂಡು ಅವ್ಳೇ ಏಳ್ಕೊಡದು."

ಇದೂ ಕಟ್ಟುಕತೆ ಇರಬಹುದೆಂದು ಏಳನೇ ತರಗತಿಯ ಕಟ್ಟು ಬಿಚ್ಚಿ ಕೇತಮ್ಮನ ಹಾಳೆ ಹುಡುಕಿದೆ. ಅದೇ ಪ್ರಶ್ನೆಗೆ ಅವಳು ಬರೆದಿದ್ದಳು: 'ಯಾರೂ ಇಲ್ಲ.'

ಆಮೇಲೆ ನನ್ನ ಮೇಲೇ ಅನುಮಾನ ಶುರುವಾಯಿತು. ನನ್ನ ತರಗತಿಯ ಊರಿನ ಮಕ್ಕಳ ಹದಿನೆಂಟು ಹಾಳೆಗಳನ್ನು ಮತ್ತೆ ತಿರುವಿದೆ. ಹದಿನೆಂಟರಲ್ಲೂ 'ಅಪ್ಪ' ಎಂದೇ ಇದೆ. ಶಿವರುದ್ರಸ್ವಾಮಿಯ ಮಗನೂ ಹಾಗೇ ಬರೆದಿದ್ದಾನೆ. ಆ ಅಪ್ಪ ದಿನಾ ಸಂಜೆ ಕತ್ತಲಾಗುವವರೆಗೂ ಟೀ ಅಂಗಡಿಯಲ್ಲಿ ನನ್ನ ಪಕ್ಕದಲ್ಲೇ ಕೂತಿರುತ್ತಾನೆ.

ಅವನ ಮಗನನ್ನು ಎಬ್ಬಿಸಿ ನಿಲ್ಲಿಸಬೇಕೆಂದು ನನಗೆ ಹೊಳೆಯಲೇ ಇಲ್ಲ.