ನಟರಾಜನ ತಟ್ಟೆ

ಸಾಲಿಗ್ರಾಮ
11-9-2006, ಸೋಮವಾರ

ಮಗನೇ ನಟರಾಜ, ನಿನ್ನ ಅವ್ವನ ಆಶೀರ್ವಾದ.

ಹೇಗಿದ್ದೀಯಪ್ಪ? ಬೀದರ್‌ನ ನೀರು ಮೈಗೆ ಹಿಡಿಸಿತಾ? ಬಸ್ಸು ಓಡಿಸಿ ಓಡಿಸಿ ಸೊಂಟ ನೋವು ಅಂತಿದ್ದೆ, ಹರಳೆಣ್ಣೆ ಹಚ್ಚಿಕೊಳ್ಳುತ್ತೀಯೋ ಇಲ್ಲವೋ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಫೋನಿನಲ್ಲಿ ಪವಿತ್ರಾಳ ಹೆಸರೆತ್ತಿದರೆ ಸಾಕು, ‘ಡ್ಯೂಟಿಗೆ ಹೊತ್ತಾಯ್ತು ಕಣವ್ವ’ ಅಂತ ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಕಟ್ ಮಾಡೋಕಾಗಲ್ಲ. ಓದು.

ನಿನ್ನ ಮಗಳು ಹದಿಮೂರು ವರ್ಷಕ್ಕೆ ಇಪ್ಪತ್ತಾರು ಕೆಜಿ ಇದ್ದಾಳೆ. ಇನ್ನು ಇಳಿದರೆ ಜೀವಕ್ಕೇ ಕುತ್ತು ಅಂದಿದ್ದಾರೆ. ಅಂಗನವಾಡಿಯಲ್ಲಿ ಊರ ಮಕ್ಕಳನ್ನೆಲ್ಲ ತೂಗಿದವಳು ನಾನು, ನನ್ನ ಮನೆಯ ಕೂಸು ಸೊರಗಿದ್ದು ಕಾಣಲಿಲ್ಲ ನೋಡು, ನನ್ನ ಕಣ್ಣಿಗಿಷ್ಟು ಮಣ್ಣು ಹಾಕ! ನಿನ್ನ ಹೆಂಡತಿ ರಾಧಾ, ನಾನು ಇಬ್ಬರೂ ಮೈಸೂರಿನ ಡಾಕ್ಟರಮ್ಮನ ಹತ್ತಿರ ಮೂರು ಸಲ ಕರೆದುಕೊಂಡು ಹೋಗಿ ಬಂದೆವು. ಇದು ಹಟವೂ ಅಲ್ಲ, ದೆವ್ವ ಗಾಳಿಯೂ ಅಲ್ಲವಂತೆ. ಹುಟ್ಟಿದಾಗಿನಿಂದಲೇ ಅವಳ ಬುದ್ಧಿಯ ದಾರಿ ಬೇರೆ, ಆಟಿಸಂ ಅಂದರು. ಕುಕ್ಕರ್ ಕೂಗು, ಒಗ್ಗರಣೆ ಘಾಟು, ಅನ್ನಕ್ಕೆ ಪಲ್ಯ ತಾಗುವುದು ನಮಗೆ ಏನೂ ಅಲ್ಲ, ಅವಳಿಗೆ ತಡೆಯೋಕಾಗಲ್ಲ. ಅದರ ಮೇಲೆ ಊಟ ಬಿಡುವ ಕಾಯಿಲೆಯೂ ಹತ್ತಿಕೊಂಡಿದೆ. ‘ಮಾತ್ರೆಗಿಂತ ಮನೆಯವರೇ ಔಷಧಿ ಕಣಮ್ಮ. ಒಂದೇ ಹೊತ್ತಿಗೆ ಮನೆಯವರೆಲ್ಲರೂ ಜೊತೆಯಲ್ಲಿ ಕೂತು ಊಟ ಮಾಡಿ. ಬೈಬೇಡಿ, ಹೊಡೀಬೇಡಿ. ಅವಳು ಮುಗಿಸೋವರೆಗೂ ಯಾರೂ ಏಳಬೇಡಿ’ ಅಂದರು.

ಈಗ ಕುಕ್ಕರ್ ಅಟ್ಟ ಸೇರಿದೆ. ಪಾತ್ರೆಯಲ್ಲೇ ಅನ್ನ ಬಸಿಯುತ್ತೇನೆ. ಅನ್ನ ಬೇರೆ, ಬೇಳೆ ಬೇರೆ ಬಟ್ಟಲು, ಮೊಸರು ಬೇರೆ ಬಟ್ಟಲು. ಒಂದು ಊಟಕ್ಕೆ ಒಂದೂವರೆ ಗಂಟೆ. ನನ್ನ ಬಾಯಿ ನಿನಗೆ ಗೊತ್ತಲ್ಲ, ಅದನ್ನು ಮುಚ್ಚಿಕೊಂಡು ಕೂರುವುದೇ ನನಗೊಂದು ವ್ರತವಾಗಿದೆ.

ಡಾಕ್ಟರಮ್ಮ ‘ಎಲ್ಲರೂ’ ಅಂದದ್ದನ್ನು ಪವಿತ್ರಾ ಗಟ್ಟಿಯಾಗಿ ಹಿಡಿದುಕೊಂಡಿದ್ದಾಳೆ. ಗೋಡೆ ಪಕ್ಕ ನಿನ್ನ ಜಾಗದಲ್ಲಿ ನಿನ್ನ ತಟ್ಟೆ ಇಟ್ಟು ಬಡಿಸದ ಹೊರತು ತುತ್ತು ಮುಟ್ಟುವುದಿಲ್ಲ. ‘ಅಪ್ಪಂಗೂ ಇಕ್ಕಜ್ಜಿ. ಎಲ್ರೂ ಅಂದ್ರೆ ಎಲ್ರೂ’ ಅನ್ನುತ್ತಾಳೆ. ರಾಧಾ ಕಣ್ಣೊರೆಸಿಕೊಂಡು ಬಡಿಸುತ್ತಾಳೆ. ನೀನೇ ಹೇಳು ಕಣೋ. ಇಲ್ಲದವರ ಜಾಗಕ್ಕೆ ನಾವು ಅನ್ನ ಇಕ್ಕುವುದು ಯಾವಾಗ? ಮಾರ್ನಮಿ ಅಮಾವಾಸ್ಯೆಯಲ್ಲಿ, ಸತ್ತವರಿಗೆ. ನಿನ್ನಕ್ಕ ವೀರಮ್ಮ ಹದಿನಾರಕ್ಕೇ ಹೋದ ಮೇಲೆ ಇಪ್ಪತ್ತೇಳು ವರ್ಷದಿಂದ ಅವಳಿಗೆ ಎಡೆ ಇಡುತ್ತಿರುವುದೂ ಅದೇ ಗೋಡೆಗೆ. ಬದುಕಿರುವ ಮಗನಿಗೂ ಅಲ್ಲೇ ಬಡಿಸಿ, ಆರಿದ ಅನ್ನ ಎತ್ತುವಾಗ ಯಾರೋ ಬೆನ್ನ ಹಿಂದೆ ನಿಂತಂತಾಗುತ್ತದೆ. ತಿರುಗಿದರೆ ಪವಿತ್ರಾ. ಅದೇ ಗುಳಿಬಿದ್ದ ಕಣ್ಣು, ಅದೇ ಮೂಳೆ ಮೊಣಕೈ. ಮೊನ್ನೆ ‘ವೀರಾ’ ಅಂತ ಕೂಗಿಬಿಟ್ಟೆ. ‘ನಾನು ಪವಿತ್ರಾ’ ಅಂತ ತಿದ್ದಿ, ಮೊಸರಿನ ಬಟ್ಟಲು ಹತ್ತಿರಕ್ಕೆ ಎಳೆದುಕೊಂಡಳು.

ಯುಗಾದಿ ದಿನ ನೀನು ಅವಳ ಬಾಯಿಗೆ ಒಬ್ಬಟ್ಟು ತುರುಕಿದೆ. ಉಗಿದಳು ಅಂತ ಕೆನ್ನೆಗೆ ಹೊಡೆದೆ. ಮಾರನೇ ಬೆಳಿಗ್ಗೆ ಯಾರ ಮುಖವನ್ನೂ ನೋಡದೆ ಬಸ್ಸು ಹತ್ತಿದೆ. ಆ ನಾಚಿಕೆಗೇ ಈ ಕಡೆ ತಲೆ ಹಾಕುತ್ತಿಲ್ಲ ಅಂತ ಬಲ್ಲೆ, ಹೆತ್ತವಳಲ್ಲವಾ. ಅವಳು ಅದನ್ನು ಮರೆತಿದ್ದಾಳೆ ಅಂತ ಸುಳ್ಳು ಹೇಳುವುದಿಲ್ಲ. ಆದರೂ ದಿನಾ ನಿನ್ನ ತಟ್ಟೆಯನ್ನು ತಾನೇ ತೊಳೆದು ಇಡುತ್ತಾಳೆ.

ರಾಧಾ ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ. ಬಿಸಿಲಿಗೆ ತಲೆಗೊಂದು ಟವೆಲ್ ಸುತ್ತಿಕೋ. ನೂರು ವರ್ಷ ತಣ್ಣಗೆ ಬಾಳು.

ನಿನ್ನ ಅವ್ವ,
ರುಕ್ಮಿಣಮ್ಮ

ಮರೆತದ್ದು: ಟಪಾಲು ಹೋಗುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಮರೆತದ್ದಲ್ಲ, ಧೈರ್ಯ ಸಾಲದೆ ಬಿಟ್ಟದ್ದು. ವೀರಮ್ಮ ಗಾಳಿ ಸೋಕಿ ಸತ್ತಳು ಅಂತ ನಿನಗೆ ಹೇಳಿಕೊಂಡು ಬಂದದ್ದು ಸುಳ್ಳು. ಅವಳೂ ಹೀಗೇ ಊಟ ಬಿಟ್ಟಿದ್ದಳು. ‘ಹಸಿದ್ರೆ ತಾನೇ ತಿಂತಾಳೆ ಬುಡು’ ಅಂತ ಕೊನೆಯ ನಾಲ್ಕು ದಿನ ಅವಳಿಗೆ ತಟ್ಟೆಯನ್ನೇ ಇಡಲಿಲ್ಲ ನಾನು. ‘ಅಕ್ಕನ ತಟ್ಟೆ ಎಲ್ಲವ್ವಾ?’ ಅಂತ ಕೇಳಿದವನು ಎಂಟು ವರ್ಷದ ನೀನೊಬ್ಬನೇ. ನಿನ್ನ ಬೆನ್ನಿಗೂ ಗುದ್ದಿದ್ದೆ. ಐದನೇ ದಿನ ಹೋದಳು. ನಿನ್ನ ತಪ್ಪು ತಿದ್ದಿಕೊಳ್ಳೋಕೆ ಇನ್ನೂ ಹೊತ್ತಿದೆ ಕಣಪ್ಪ, ನನ್ನದಕ್ಕಿಲ್ಲ. ಮಾರ್ನಮಿ ಅಮಾವಾಸ್ಯೆಗೆ ಹನ್ನೊಂದೇ ದಿನ. ಅವತ್ತು ಆ ಗೋಡೆಗೆ ನಾನು ಒಂದೇ ಎಡೆ ಇಡಬೇಕು. ಅಷ್ಟರೊಳಗೆ ಬಂದು ನಿನ್ನ ತಟ್ಟೆ ಮುಂದೆ ಕೂರು. ಬಿಸಿ ಅನ್ನ ಇಕ್ಕುತ್ತೇನೆ.