ಹುರುಳಿ ಹಾಸಿದ ತಿರುವು

ಡಿಸೆಂಬರ್ 17, 2001. ಸೋಮವಾರ

ಬೆಳಿಗ್ಗೆ ಆರಕ್ಕೆ ಇವರಿಗೆ ಬಿ.ಪಿ. ಮಾತ್ರೆ ಕೊಟ್ಟೆ. ನುಂಗುವವರೆಗೂ ನಿಂತು ನೋಡಬೇಕು, ಇಲ್ಲದಿದ್ದರೆ ಕಿಟಕಿಯಾಚೆ ಹೋಗುತ್ತದೆ. ಬ್ಯಾಂಕಿನಲ್ಲಿ ಕೂತು ಕೂತು ಬಂದ ಬಿ.ಪಿ. ಎಂದು ಡಾಕ್ಟರು. ಉಪ್ಪಿನಕಾಯಿ ತಿಂದು ತಿಂದು ಬಂದದ್ದು ಎಂದು ನಾನು. ಮಾತ್ರೆ ಅರ್ಧ ಕೆಲಸ ಮಾಡುತ್ತದೆ. ಉಳಿದರ್ಧ ನಾಲಿಗೆ ಮಾಡಬೇಕು.

ಸಂಜೆ.
ರಾಮಗಿರಿ ರಸ್ತೆಯಲ್ಲಿ ಹುರುಳಿ ಹಾಸಲು ಶುರು. ಅರ್ಧ ಟಾರು ಮುಚ್ಚಿದೆ, ಅಂಚಿಗೆ ಕಲ್ಲು ಸಾಲು. ಬಸ್ಸು ಲಾರಿ ಹರಿದು ಕಾಯಿ ಒಡೆಯುತ್ತದೆ, ಹೊತ್ತಿಳಿದ ಮೇಲೆ ತೂರಿಕೊಳ್ಳುವುದು. ಹೊಳಲ್ಕೆರೆಯಿಂದ ಕಾಲೇಜಿಗೆ ನನಗೂ ಅದೇ ದಾರಿ. ಸ್ಕೂಟಿಯಲ್ಲೇ ಕೂತು ಎರಡೂ ಕಾಲು ನೆಲಕ್ಕಿಟ್ಟು, ಬಾತುಕೋಳಿಯ ಹಾಗೆ ದಾಟಿದೆ. ಹುರುಳಿಯ ಒಡತಿ ಚಿತ್ತಮ್ಮ ಸೊಂಟಕ್ಕೆ ಕೈಕೊಟ್ಟು ನಗುತ್ತಿದ್ದಳು.

“ಮ್ಯಾಲೇ ಓಡ್ಸ್ರಿ ಮೇಡಮ್ಮ. ನಮಗೂ ಎಲ್ಡು ಗಾಲಿ ಹೆಚ್ಚಿಗೆ ಸಿಕ್ತಾವೆ.”

“ರಸ್ತೆ ಏನು ಕಣಾನಾ ಚಿತ್ತಮ್ಮ? ಅದೂ ತಿರುವಿನಲ್ಲೇ ಹಾಸಿದ್ದೀಯ.”

“ತಿರುವ್ನಾಗೆ ಗಾಲಿ ಅರೀತಾವೆ, ಕಾಯಿ ಬ್ಯಾಗ ಒಡೀತೈತೆ. ಕಣ ಐತೆ, ಒಕ್ಕೋ ಕಲ್ಲಿನ ಗುಂಡೂ ಐತೆ. ಎಳಿಯಾಕೆ ಎತ್ತು ಎಲ್ಲವೆ? ನಿಮ್ಮ ಯಜಮಾನ್ರನ್ನ ಕಳುಸ್ರಿ, ಕಟ್ತೀನಿ.”

ಮನೆಗೆ ಬಂದು ಹೇಳಿದೆ. “ಬಿ.ಪಿ. ಇಳಿಯುತ್ತೆ ಅಂದ್ರೆ ಹೋಗ್ತೀನಿ,” ಎಂದರು ಇವರು, ಪೇಪರಿನಿಂದ ತಲೆ ಎತ್ತದೆ.

ನಗು ಬಂತು. ಆದರೂ ನನ್ನ ಅಭಿಪ್ರಾಯ ಬದಲಾಗಿಲ್ಲ. ಟಾರಿನ ಮೇಲೆ ಒಣಹುರುಳಿ ಎಂದರೆ ಗೋಲಿ ಚೆಲ್ಲಿದ ಹಾಗೆ.

ಡಿಸೆಂಬರ್ 20. ಗುರುವಾರ

ಚಿತ್ತಮ್ಮನ ನಾಯಿಯ ಹೆಸರು ಸಿಪಾಯಿ. ಕಂದು ಬಣ್ಣ, ಒಂದು ಕಿವಿ ಮಡಚಿದೆ. ಕುರಿ ಇದ್ದಾಗ ಕುರಿ ಕಾಯುತ್ತಿತ್ತು. ಈಗ ಹುರುಳಿ ಕಾಯುತ್ತದೆ. ದಿನಾ ನನ್ನ ಗಾಡಿಯ ಪಕ್ಕಕ್ಕೆ ಓಡಿಬಂದು, ತಿರುವು ದಾಟಿಸಿ ಹಿಂದಿರುಗುತ್ತಾನೆ. ನಾಯಿ ಅಟ್ಟಿದರೆ ಸ್ಪೀಡ್ ಕೊಡಬೇಕು ಎನ್ನುತ್ತಾರೆ ನಮ್ಮ ಕಾಲೇಜಿನ ಹಿಸ್ಟರಿ ಜಂಬಣ್ಣ. ತಪ್ಪು. ನಿಧಾನ ಮಾಡಬೇಕು. ಓಡುವುದನ್ನು ಅಟ್ಟುವುದು ಅವುಗಳ ಕಸುಬು, ನಿಂತದ್ದರ ಮೇಲೆ ಹಗೆಯಿಲ್ಲ. ಬಿಸ್ಕತ್ತು ಮಾತ್ರ ಹಾಕುವುದಿಲ್ಲ... ಸಕ್ಕರೆ ಅವನಿಗೂ ಒಳ್ಳೆಯದಲ್ಲ.

ಇವರು ಚಿತ್ರದುರ್ಗದಿಂದ ಹೆಲ್ಮೆಟ್ ತಂದಿದ್ದಾರೆ. ತುರುಬಿನ ಮೇಲೆ ಕೂರುವುದಿಲ್ಲ. ತರಕಾರಿ ಚೀಲದ ಪಕ್ಕ ಮೊಳೆಗೆ ನೇತುಹಾಕಿದೆ.

ಡಿಸೆಂಬರ್ 24. ಸೋಮವಾರ. ಬೆಳಿಗ್ಗೆ

ಒಪ್ಪಂದ ಆಯಿತು. ನಾನು ಹೆಲ್ಮೆಟ್ ಹಾಕಬೇಕು, ಇವರು ಉಪ್ಪಿನಕಾಯಿ ಬಿಡಬೇಕು. ಯಾರು ಮೊದಲು ಮುರಿದರೆ ಅವರು ಒಂದು ತಿಂಗಳು ಪಾತ್ರೆ ತೊಳೆಯುವುದು. ತುರುಬು ಬಿಚ್ಚಿ ಜಡೆ ಹಾಕಿದೆ, ನಲವತ್ತೆಂಟನೇ ವಯಸ್ಸಿಗೆ. ಸ್ಟಾಫ್ ರೂಮಿನಲ್ಲಿ ಜಂಬಣ್ಣ, “ಏನ್ ಮೇಡಂ, ಚಂದ್ರಲೋಕಕ್ಕೆ ಹೊಂಟ್ರಾ?” ಎನ್ನುವುದು ಗ್ಯಾರಂಟಿ. ಹೇಳಲಿ.

ಜನವರಿ 9, 2002. ಬುಧವಾರ

ಎಡಗೈ ಬರಹ. ಕಾಗೆ ಕಾಲಿನಂತೆ ಅಕ್ಷರ.
ಬಲಗೈ ಮಣಿಕಟ್ಟು ಮುರಿದಿದೆ. ಪ್ಲಾಸ್ಟರ್.
ಹೆಲ್ಮೆಟ್ ಸೀಳಿದೆ. ತಲೆ ಸೀಳಿಲ್ಲ.
ಇವರಿಗೆ ಏನು ಹೇಳಲಿ. ಪಾತ್ರೆ ಇವರೇ ತೊಳೆಯುತ್ತಿದ್ದಾರೆ, ಸೋಲದಿದ್ದರೂ.

ಜನವರಿ 13. ಭಾನುವಾರ

ಎಡಗೈ ಪಳಗುತ್ತಿದೆ. ನಡೆದದ್ದು ಬರೆದಿಡಬೇಕು.

ಡಿಸೆಂಬರ್ 28, ಶುಕ್ರವಾರ. ಕಾಲೇಜಿಗೆ ತಡವಾಗಿತ್ತು. ಅವತ್ತು ಕಾಲು ಕೆಳಗಿಡಲಿಲ್ಲ. ಮುಂದಿನ ಚಕ್ರ ಹುರುಳಿಯ ಮೇಲೆ ಜಾರಿತು, ಅಂಚಿನ ಕಲ್ಲಿಗೆ ತಲೆ ಬಡಿಯಿತು. ಹಿಂದೆ ಲಾರಿ. ಚಿತ್ತಮ್ಮನ ಗಂಡ ಕಾಟಲಿಂಗಪ್ಪ ಕಂಬಳಿ ಬೀಸುತ್ತಾ ಲಾರಿಗೆ ಅಡ್ಡ ನಿಂತ. ಬಿದ್ದಲ್ಲಿಂದಲೇ ಟೈರಿನ ಗೀರು ಕಾಣುವಷ್ಟು ದೂರದಲ್ಲಿ ಅದು ನಿಂತಿತು. ಅಂದರೆ ಬಹಳ ಹತ್ತಿರ.

“ಪಟ್ಟು ಹಾಕೋರತ್ರ ಹೋಗಾಣ,” ಎಂದ ಅವನು. ಬೇಡ, ಆಸ್ಪತ್ರೆಗೆ ಎಂದೆ. ಮೂಳೆ ಮುರಿದರೆ ಮೊದಲು ಎಕ್ಸ್‌ರೇ, ಆಮೇಲೆ ಮಾತು. ಈ ಅಭಿಪ್ರಾಯ ಆ ನೋವಿನಲ್ಲೂ ಇತ್ತು. ಟೆಂಪೋದಲ್ಲಿ ಹುರುಳಿ ಮೂಟೆಯ ಮೇಲೆ ಕೂರಿಸಿ ಕರೆತಂದರು. ದಾರಿಯುದ್ದಕ್ಕೂ ಚಿತ್ತಮ್ಮ ನನ್ನ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಿದ್ದಳು, ಹಾಲು ತುಂಬಿದ ಪಾತ್ರೆಯ ಹಾಗೆ.

ಆಸ್ಪತ್ರೆಗೆ ಪೊಲೀಸ್ ಪೇದೆ ಬಂದ. “ಹೆಂಗಾತು ಮೇಡಂ? ರೋಡ್ನಾಗೆ ರಾಶಿ ಹಾಕಿದ್ರಾ?”

ಬಾಗಿಲಲ್ಲಿ ಕಾಟಲಿಂಗಪ್ಪ ನಿಂತಿದ್ದ. ಟವೆಲ್ ಹಿಂಡುತ್ತಿದ್ದ, ಒದ್ದೆಯೇ ಇಲ್ಲದ ಟವೆಲ್.

“ನಾಯಿ ಅಡ್ಡ ಬಂತು,” ಎಂದೆ.

ಜೀವ ಉಳಿಸಿದವನ ಮೇಲೆ ಕೇಸು ಬೀಳದ ಹಾಗಾಯಿತು. ಸಮಾಧಾನ.

ಜನವರಿ 16. ಬುಧವಾರ

ಚಿತ್ತಮ್ಮ ಬಂದಿದ್ದಳು. ಹುರುಳಿ ಕಟ್ಟಿನ ಸಾರು, ಅವರೆಕಾಯಿ. “ಬರ್ರಿ, ಕುಂತ್ಕಳ್ರಿ,” ಎಂದು ಇವರು ಕುರ್ಚಿ ತೋರಿಸಿದರೂ ನೆಲದಲ್ಲೇ ಕೂತಳು. ಸಾರು ಮೂಳೆಗೆ ಒಳ್ಳೆಯದಂತೆ. ಡಾಕ್ಟರು ಹಾಗೆ ಹೇಳಿಲ್ಲ. ನಾನು ಎರಡು ಲೋಟ ಕುಡಿದೆ.

ಹೋಗಲು ಎದ್ದಳು. ಸಿಪಾಯಿ ಹೇಗಿದ್ದಾನೆ ಎಂದೆ.

“ಕಟ್ಟಾಕೀವಿ. ಪೊಲೀಸಪ್ಪ ಊರಿಗೆ ಬಂದು ನಾಯಿ ಹಿಡ್ಕಳ್ರಪ್ಪ ಅಂತ ಹೇಳೋಗ್ಯಾನೆ. ನಮ್ಮೂರ ಕೆಂಚಕ್ಕ ಬಿಡವಲ್ಲಳು. ಮೇಡಮ್ಮನ್ನೇ ಕೆಡವೈತೆ, ನಾಳೆ ನನ್ನ ಮೊಮ್ಮಗಳನ್ನ ಕೆಡವ್ತೈತೆ ಅಂತಾಳೆ. ಭಾನುವಾರ ಈರುಳ್ಳಿ ಲಾರಿ ಹೊಂಡ್ತೈತೆ. ಅದ್ರಾಗೆ ಹತ್ತಿಸಿ ದೂರ ಎಲ್ಲಾನ ಬಿಡಾಣ ಅಂತ ಮಾತಾಗೈತೆ.”

ಎಡಗೈಯಲ್ಲಿ ಪ್ಲಾಸ್ಟರ್ ಮುಚ್ಚಿಕೊಂಡೆ.

“ನಮಗೋಸ್ಕರ ಅಂದ ಮಾತು ಅದು. ತಪ್ಪು ಅನ್ನಲ್ಲ ಮೇಡಮ್ಮ,” ಎಂದಳು, ಚಪ್ಪಲಿ ಮೆಟ್ಟುತ್ತಾ. “ಆದ್ರೂ ಅವತ್ತು ಅದು ಬೇವಿನ ಮರದ ಕೆಳಗೆ ಮಲಗಿತ್ತು.”

ಜನವರಿ 18. ಶುಕ್ರವಾರ

ಕವಿತೆ ಓದಲು ಕೂತೆ. ಒಂದು ಸಾಲೂ ಒಳಗಿಳಿಯಲಿಲ್ಲ.

ದಯೆ ಎಂದುಕೊಂಡು ಹೇಳಿದ ಸುಳ್ಳು. ಹೊತ್ತುಕೊಂಡದ್ದು ಬಾಯಿಲ್ಲದ್ದು. ನಿಜ ಹೇಳಿದರೆ ಕಾಟಲಿಂಗಪ್ಪನ ಮೇಲೆ ಕೇಸು. ಹೇಳದಿದ್ದರೆ ಭಾನುವಾರ ಲಾರಿ. ಊರು ಬಿಟ್ಟ ನಾಯಿ ಹೈವೇ ಪಕ್ಕ ಎಷ್ಟು ದಿನ ಬದುಕುತ್ತದೆ ಎಂದು ನನಗೆ ಗೊತ್ತು. ಹಿರಿಯೂರಿಗೆ ಹೋಗುವಾಗಲೆಲ್ಲ ಬಸ್ಸಿನ ಕಿಟಕಿಯಿಂದ ಮುಖ ತಿರುಗಿಸುತ್ತೇನಲ್ಲ.

ಇವರು: “ಇನ್ನೊಂದು ನಿಜಾನೂ ಇದೆ. ನೀನು ಕಾಲು ಕೆಳಗಿಡಲಿಲ್ಲ.”

ಹೌದು.

ಜನವರಿ 19. ಶನಿವಾರ

ಇವರು ಬ್ಯಾಂಕಿನಿಂದ ಬರುತ್ತಾ ಪೇದೆಯನ್ನು ಹುಡುಕಿ ಎಲ್ಲ ಹೇಳಿ ಬಂದಿದ್ದಾರೆ. ನನ್ನನ್ನು ಕೇಳಿಯೇ ಹೋಗಿದ್ದು.

ಅವನು ನಕ್ಕನಂತೆ. “ನಾಯಿಗೆ ಸಮನ್ಸ್ ಏನು ಕಳ್ಸಿಲ್ಲ ಬಿಡ್ರಿ ಸಾರ್. ಮೇಡಂ ಕಂಪ್ಲೇಂಟ್ ಕೊಡಲ್ಲ ಅಂದ್ರೆ ಸರಿ. ಆದ್ರೆ ತಿರುವ್ನಾಗೆ ಮತ್ತೆ ಹಾಕಿದ್ರೆ ನಾನೇ ಬಂದು ಎತ್ತಿಸ್ತೀನಿ ಅಂತ ಹೇಳ್ರಿ.”

ಇನ್ನು ಊರಿಗೆ ಹೇಳಬೇಕು. ಅದು ಪೇದೆಗೆ ಹೇಳಿದಷ್ಟು ಸುಲಭವಲ್ಲ. ಅಲ್ಲಿಗೆ ನಾನೇ ಹೋಗಬೇಕು.

ಜನವರಿ 20. ಭಾನುವಾರ. ರಾತ್ರಿ

ಬೆಳಗಿನ ಬಸ್ಸಿಗೆ ಹೋದೆವು. ಲಾರಿಗೆ ಈರುಳ್ಳಿ ತುಂಬುತ್ತಿದ್ದರು. ಸಿಪಾಯಿಯನ್ನು ಹಿಂದಿನ ಚಕ್ರದ ಹತ್ತಿರ ಹಗ್ಗದಲ್ಲಿ ಕಟ್ಟಿದ್ದರು. ಮುಂದೆ ಯಾರೋ ಇಟ್ಟ ಮುದ್ದೆ. ಮುಟ್ಟಿರಲಿಲ್ಲ.

ಅಂಗಡಿ ಕಟ್ಟೆಯ ಮುಂದೆ ನಿಂತು ಹೇಳಿದೆ. ಕ್ಲಾಸಿನಲ್ಲಿ ಎಷ್ಟು ವರ್ಷ ಮಾತಾಡಿದ್ದೇನೆ, ಇಲ್ಲಿ ಮೂರೇ ವಾಕ್ಯ. ನಾಯಿ ಬರಲಿಲ್ಲ. ಹುರುಳಿಯ ಮೇಲೆ ಜಾರಿದೆ. ನಿಧಾನ ಮಾಡಬೇಕಿತ್ತು, ಮಾಡಲಿಲ್ಲ.

ಕೆಂಚಕ್ಕ ಎದ್ದು ಹತ್ತಿರ ಬಂದಳು. ಸೊಂಟದ ಮೇಲೆ ಮೊಮ್ಮಗಳು. “ಮತ್ತೆ ಪೊಲೀಸ್ನೋರ ಮುಂದೆ ನಾಯಿ ಅಂದ್ರಲ್ಲ?”

“ಸುಳ್ಳು ಹೇಳಿದೆ.”

“ಪಾಠ ಮಾಡೋರೂ ಹೇಳ್ತಾರೇನಪ್ಪ,” ಎಂದರು ಹಿಂದಿನಿಂದ ಯಾರೋ. ನಗು. ನಾನು ಅಲ್ಲಿಂದ ಕದಲಲಿಲ್ಲ.

ಕಾಟಲಿಂಗಪ್ಪ ಮುಂದೆ ಬಂದ. “ಹುರುಳಿ ನಂದು. ತಿರುವ್ನಾಗೆ ಹಾಕಿದ್ದೂ ನಾನೇ. ಅವತ್ತೇ ಹೇಳ್ಬೇಕಿತ್ತು. ಬಾಯಿ ಬರ್ಲಿಲ್ಲ.”

ಕಟ್ಟೆಯ ಮೇಲಿದ್ದ ಎಲ್ಲರ ಬೆಳೆಯೂ ಒಂದಲ್ಲ ಒಂದು ದಿನ ಆ ಟಾರಿನ ಮೇಲೆ ಬಿದ್ದದ್ದೇ. ಕೊನೆಗೆ ಕೆಂಚಕ್ಕ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿ, “ಹೋದ ವಾರ ನಮ್ಮದೂ ಅಲ್ಲೇ ಇತ್ತು,” ಎಂದಳು. “ಲೇ ಕಾಟಲಿಂಗ, ನಾಯಿ ಬಿಚ್ಚೋ. ಏನ್ ಈರುಳ್ಳಿ ಮಾರಾಕೆ ಹೊಂಟೈತಾ ಅದು.”

ಗಂಟು ಬಿಗಿದಿತ್ತು. ಚಿತ್ತಮ್ಮ ಹಲ್ಲಲ್ಲಿ ಕಚ್ಚಿ ಬಿಚ್ಚಿದಳು.

ಪೇದೆಯ ಮಾತು ಹೇಳಿದೆವು. ತಿರುವಿನಲ್ಲಿ ಇನ್ನು ಹಾಕುವುದಿಲ್ಲವಂತೆ. ನೇರ ರಸ್ತೆಯಲ್ಲಿ ಹಾಕುತ್ತಾರಂತೆ, ಕಲ್ಲಿಡದೆ. ನನ್ನ ಪ್ರಕಾರ ಅದೂ ತಪ್ಪೇ. ಹೇಳಿದೆ. “ಎತ್ತು ಕೊಡ್ಸ್ರಿ ಹಂಗಾರೆ,” ಎಂದರು.

ಸಿಪಾಯಿ ನನ್ನ ಹತ್ತಿರ ಬರಲಿಲ್ಲ. ಮನೆ ಕಡೆ ಓಡಿದ, ತಿರುಗಿ ನೋಡದೆ. ಅದು ಅವನ ಹಕ್ಕು.

ಫೆಬ್ರವರಿ 25. ಸೋಮವಾರ. ಸ್ಟಾಫ್ ರೂಮು, ಮೊದಲ ಪೀರಿಯಡ್‌ಗೆ ಮುಂಚೆ

ಬಲಗೈ ಬರಹ. ನೋಯುತ್ತದೆ, ಆದರೆ ಅಕ್ಷರ ನನ್ನದೇ.

ಇವತ್ತು ಮತ್ತೆ ಸ್ಕೂಟಿ. ಹೊಸ ಹೆಲ್ಮೆಟ್‌ನ ಬಕಲ್ ಇವರೇ ಹಾಕಿದರು. ಇವರ ಬಾಯಲ್ಲಿ ನಿಂಬೆ ಉಪ್ಪಿನಕಾಯಿಯ ವಾಸನೆ. ಈ ಕೈ ನೋಡಿಕೊಂಡವರಿಗೆ ಏನನ್ನಲಿ. ಇವತ್ತೊಂದು ದಿನ ಏನೂ ಅನ್ನಲಿಲ್ಲ.

ತಿರುವು ಖಾಲಿ. ಕಲ್ಲಿಲ್ಲ, ಹುರುಳಿಯಿಲ್ಲ, ಬರೀ ಟಾರು. ಆದರೂ ಎರಡೂ ಕಾಲು ಕೆಳಗಿಟ್ಟೆ. ಬೇವಿನ ಮರದ ಕೆಳಗೆ ಸಿಪಾಯಿ ಎದ್ದು ಕೂತ. ಓಡಿ ಬರಲಿಲ್ಲ. ಹೊಸ ಹೆಲ್ಮೆಟ್ ನೋಡಿ ಗುರ್ ಎಂದ. ಗಾಡಿ ನಿಲ್ಲಿಸಿ ಹೆಲ್ಮೆಟ್ ತೆಗೆದೆ. ಬಹಳ ಹೊತ್ತು ನೋಡಿದ. ಆಮೇಲೆ ನಿಧಾನ ಬಂದು ಬಲಗೈ ಮೂಸಿದ, ಪ್ಲಾಸ್ಟರ್ ಇದ್ದ ಜಾಗವನ್ನೇ, ಮತ್ತೆ ಮತ್ತೆ. ಬಾಲ ಅಲ್ಲಾಡಿಸಲಿಲ್ಲ. ಸರಿ, ಅಷ್ಟು ಸಾಕು ಎಂದುಕೊಂಡು ಹೆಲ್ಮೆಟ್ ಹಾಕಿ ಹೊರಟೆ. ಕನ್ನಡಿಯಲ್ಲಿ ನೋಡಿದರೆ ಹಿಂದೆ ಯಾರೂ ಇಲ್ಲ. ಪಕ್ಕಕ್ಕೆ ನೋಡಿದರೆ, ಮಡಚಿದ ಕಿವಿ—

ಬೆಲ್ ಆಯಿತು.